ಬಿಚ್ಚದ ಸುರುಳಿ

ಅಣ್ಣ ಕತ್ತರಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅತ್ತಿಗೆ ಆ ಒದ್ದೆ ಸುರುಳಿಯನ್ನು ಎದೆಗವಚಿಕೊಂಡು ಒಲೆಯ ಪಕ್ಕ ಕೂತಿದ್ದಳು. ನಡುವೆ ನಾನು. ಈ ಮನೆಯಲ್ಲಿ ಗಂಡ ಹೆಂಡತಿ ಜಗಳಕ್ಕೆ ನಿಂತರೆ ಮಧ್ಯೆ ನಿಲ್ಲುವ ಕೆಲಸ ನಾದಿನಿಯಾದ ನನ್ನದೇ. ಸಂಬಳವಿಲ್ಲ, ರಜೆಯೂ ಇಲ್ಲ.

"ಬಿಚ್ಚು ಅಂದ್ರೆ ಬಿಚ್ಚೇ. ಇವತ್ತು ಮಸುಕಾಗಾದ್ರೂ ಕಾಣ್ಸುತ್ತೆ. ನಾಳೆ..." ಅಣ್ಣ ಮಾತು ನುಂಗಿದ.

"ನಾಳೆ ಏನು? ಪೂರ್ತಿ ಹೇಳಿ," ಎಂದಳು ಅತ್ತಿಗೆ.

ನಾಳೆ ಅವಳ ಬಲಗಣ್ಣಿನ ಆಪರೇಷನ್. ಹಿಂದೊಮ್ಮೆ ಎಡಗಣ್ಣಿನ ಪೊರೆ ತೆಗೆಸಿದಾಗ ಕೀವಾಗಿ ಆ ಕಣ್ಣು ಹೋಗಿಯೇ ಬಿಟ್ಟಿತ್ತು. ಉಳಿದದ್ದು ಇದೊಂದು. ಹೆದರಿ ಹೆದರಿ ಮುಂದೂಡಿದ್ದಕ್ಕೆ ಇದರ ಪೊರೆಯೂ ಕಲ್ಲಿನಂತೆ ಬಲಿತಿತ್ತು. ಡಾಕ್ಟರಮ್ಮ, "ಕೈಲಾದದ್ದೆಲ್ಲ ಮಾಡ್ತೀನಿ, ಆದ್ರೆ ಮಾತು ಕೊಡಲ್ಲ," ಎಂದಿದ್ದರು. ಆ ಮಾತು ಕೇಳಿ ಬಂದಾಗಿನಿಂದ ಅಣ್ಣನಿಗೆ ಊಟ ಸೇರುತ್ತಿರಲಿಲ್ಲ.

ಅತ್ತಿಗೆ ಕೌದಿ ಹೊಲಿಯುವವಳು. ಮದುವೆಯಾಗಿ ಬಂದ ಹೊಸದರಲ್ಲಿ ಟೈಲರ್ ಅಂಗಡಿಯಲ್ಲಿ ಕಾಜ, ಗುಂಡಿ ಹಾಕುತ್ತಿದ್ದಳು. ಸಂಜೆ ಬರುವಾಗ ಚೀಲದ ತುಂಬ ಚಿಂದಿ. "ನಮ್ಮನೇಲಿ ಕಸ ಕಮ್ಮಿ ಇತ್ತು ನೋಡು," ಎಂದು ಅಮ್ಮ ಗೊಣಗಿದ್ದೇ ಗೊಣಗಿದ್ದು. ಒಂದು ದಿನ ಹಿತ್ತಲಿನಲ್ಲಿ ಒಗೆದಿಟ್ಟ ಬಿಳಿ ಹೊದಿಕೆಯ ಮೇಲೆ ತೇಗದ ಎಲೆ ಬಿದ್ದು, ಅದರ ಮೇಲೆ ಯಾರೋ ತುಕ್ಕು ಹಿಡಿದ ಬಕೆಟ್ ಇಟ್ಟುಬಿಟ್ಟರು. ಮರುದಿನ ನೋಡಿದರೆ ಹೊದಿಕೆಯಲ್ಲಿ ಎಲೆಯೇ ಕೂತಿತ್ತು, ಒಂದು ನರವೂ ಬಿಡದ ಹಾಗೆ. ಅಮ್ಮ ಮನೆ ಹಾರಿಹೋಗುವಂತೆ ಕೂಗಾಡಿದಳು. ಅತ್ತಿಗೆ ಸೋಪು ತರಲು ಹೋಗಲಿಲ್ಲ, ಇನ್ನಷ್ಟು ಎಲೆ ತರಲು ಹೋದಳು. ಅವತ್ತು ಹೋದವಳು ಇನ್ನೂ ವಾಪಸ್ ಬಂದಿಲ್ಲ ಎಂದು ಅಣ್ಣ ತಮಾಷೆ ಮಾಡುತ್ತಿರುತ್ತಾನೆ.

ಆಮೇಲೆ ನಮ್ಮ ಮನೆಯ ದೊಡ್ಡ ಪಾತ್ರೆಗಳಲ್ಲಿ ಅನ್ನ ಬೇಯಲಿಲ್ಲ, ಬಟ್ಟೆ ಬೆಂದವು. ಬಟ್ಟೆಯನ್ನು ಪಟಿಕದ ನೀರಿನಲ್ಲಿ ನೆನೆಸಬೇಕು, ಎಲೆ ಜೋಡಿಸಬೇಕು, ಕೊಳವೆಗೆ ಸುತ್ತಿ, ಹುರಿಯಿಂದ ಬಿಗಿದು, ಹಬೆಯಲ್ಲಿ ಇಡಬೇಕು. ಬೆಂದದ್ದು ಪೂರ್ತಿ ಆರುವ ತನಕ ಮುಟ್ಟುವ ಹಾಗಿಲ್ಲ. ಅವಸರಪಟ್ಟು ಬಿಚ್ಚಿದರೆ ಬಣ್ಣ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಕಟ್ಟಪ್ಪಣೆ: ನರ ಉಬ್ಬಿರುವ ಎಲೆಯ ಅಡಿಮೈ ಬಟ್ಟೆಗೆ ತಾಗಿರಬೇಕು. ಮಗುಚಿ ಇಟ್ಟರೆ ಅಚ್ಚು ಪೇಲವವಾಗುತ್ತದಂತೆ. "ಅಂತೆ" ಎಂದದ್ದು ಯಾಕೆಂದರೆ ನನಗೆ ಎರಡಕ್ಕೂ ವ್ಯತ್ಯಾಸವೇ ಕಂಡದ್ದಿಲ್ಲ. "ನಿನ್ನ ಕಣ್ಣಿರೋದು ಸೀರಿಯಲ್ ನೋಡೋಕೆ ಕಣೇ," ಎನ್ನುತ್ತಿದ್ದಳು ಅತ್ತಿಗೆ.

ಹೊದೆಯಲು ಹೊಲಿದ ಕೌದಿಗಳು ಊರೆಲ್ಲ ಹಂಚಿಹೋಗಿವೆ. ಈಗ ಕೈಯಲ್ಲಿದ್ದ ಇದೊಂದು ಮಾತ್ರ ಗೋಡೆಗೆಂದು ಹೊಲಿಯುತ್ತಿದ್ದದ್ದು. ಒಂದು ಇಡೀ ಮರ. ಬೇರು, ಬೊಡ್ಡೆ, ಕೊಂಬೆ ಎಲ್ಲವೂ ನಮ್ಮೆಲ್ಲರ ಹಳೇ ಬಟ್ಟೆಯ ತುಂಡುಗಳು. ಅಮ್ಮ ತೀರಿಕೊಂಡ ಮೇಲೆ ಅವಳ ಗೊಣಗಾಟದ ಸೀರೆಯೂ ಬೊಡ್ಡೆಯೊಳಗೆ ಸೇರಿತು. ಇನ್ನು ಉಳಿದದ್ದು ಒಂದೇ ತುಂಡು, ಮರದ ತಲೆ. ಆ ತುಂಡಿಗೆ ತೇಗದ ಚಿಗುರೆಲೆಗಳನ್ನು ಅವತ್ತು ಬೆಳಿಗ್ಗೆ ತಾನೇ ಜೋಡಿಸಿದ್ದಳು. ನಾನು ಸಹಾಯಕ್ಕೆ ಹೋದರೆ ಕೈಗೆ ಪಟ್ ಅಂತ ಹೊಡೆದಿದ್ದಳು. ಮಂಜು ಮುಚ್ಚಿದ ಒಂದೇ ಕಣ್ಣು, ಉಳಿದದ್ದು ಬೆರಳಿನ ಅಂದಾಜು. ಅದೇ ಈಗ ಅವಳ ಎದೆಗಂಟಿಕೊಂಡಿದ್ದ ಸುರುಳಿ.

"ನಾನು ನೋಡ್ಬೇಕು ಅಂತ ಇದನ್ನ ಹಾಳು ಮಾಡ್ಲಾ?" ಎಂದಳು ಅಣ್ಣನಿಗೆ. "ನಾಳೆ ಕಣ್ಣು ಬಂದ್ರೆ ಏನನ್ನ ನೋಡ್ಲಿ?"

"ಬರದೇ ಹೋದ್ರೆ?" ಅಣ್ಣ ಈ ಸಲ ಹೇಳಿಯೇಬಿಟ್ಟ.

"ಬರದೇ ಹೋದ್ರೆ ನೀವಿಬ್ರೂ ನೋಡಿ, ನಂಗೆ ಹೇಳಿ. ನನ್ನ ಸಮಾಧಾನಕ್ಕೆ ಅಂತ ಸುಳ್ಳು ಮಾತ್ರ ಹೇಳ್ಬೇಡಿ."

ನಾನು ಅಣ್ಣನ ಕೈಯಿಂದ ಕತ್ತರಿ ಕಿತ್ತುಕೊಂಡು ಹೊಲಿಗೆ ಡಬ್ಬಿಗೆ ಎಸೆದೆ. ಯಾರ ಮೇಲೆ ಸಿಟ್ಟು ಎಂದು ನನಗೇ ಗೊತ್ತಿರಲಿಲ್ಲ. ಮುಚ್ಚಳವನ್ನಂತೂ ಧಡಾರನೆ ಬಡಿದೆ.

ಮರುದಿನ ಸುರುಳಿಯೂ ಚೀಲದಲ್ಲಿ ಕೂತು ನಮ್ಮ ಜೊತೆ ಆಸ್ಪತ್ರೆಗೆ ಬಂತು. ಅತ್ತಿಗೆಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತೆ. ಚೀಲದಿಂದ ಕೆಂಪು ನೀರು ತೊಟ್ಟಿಕ್ಕಿತು. ನರ್ಸ್ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು.

"ಏನ್ರೀ ಇದು, ಬೆಂಚೆಲ್ಲ ಕಲೆ!"

"ಇದೂ ಪೇಷೆಂಟ್ ಕಡೆಯವರೇ ಕಣಮ್ಮ," ಎಂದೆ. ಅವಳು ನಗಲಿಲ್ಲ. ನಾನೂ ನಗುವ ಸ್ಥಿತಿಯಲ್ಲಿರಲಿಲ್ಲ.

ಬೇಗ ಮುಗಿಯುತ್ತದೆ ಎಂದಿದ್ದರು. ಮುಗಿಯಲಿಲ್ಲ. ನಮ್ಮ ನಂತರ ಒಳಗೆ ಹೋದವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಅಣ್ಣ ಆ ಬಾಗಿಲಿಗೂ ಕಿಟಕಿಗೂ ನಡುವೆ ಸುಟ್ಟ ಬೆಕ್ಕಿನ ಹಾಗೆ ಓಡಾಡಿದ. ಕೊನೆಗೆ ಡಾಕ್ಟರಮ್ಮ ಬಂದು, "ಸ್ವಲ್ಪ ಕಷ್ಟ ಆಯ್ತು. ನಾಳೆ ಪಟ್ಟಿ ತೆಗೆದ ಮೇಲೆ ನೋಡೋಣ," ಎಂದರು. ಅತ್ತಿಗೆ ಹಾಸಿಗೆಯಲ್ಲಿ ಮಲಗಿಕೊಂಡು ಕಣ್ಣಿನ ಬಗ್ಗೆ ಒಂದೂ ಮಾತು ಕೇಳಲಿಲ್ಲ. "ಆರಿತೇನೇ?" ಎಂದಷ್ಟೇ ಕೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಪಟ್ಟಿ ತೆಗೆದರು.

"ಏನು ಕಾಣ್ತಿದೆ?"

"ಬೆಳಕು."

"ಇನ್ನೇನಾದ್ರೂ?"

"ಬರೀ ಬೆಳಕು."

ಡಾಕ್ಟರಮ್ಮ ಟಾರ್ಚ್ ಹಾಕಿ ನೋಡಿ, "ಊತ ಇದೆ. ಒಂದು ಗಂಟೆ ಹೊರಗೆ ಕೂತಿರಿ. ಕೈ ಮಾತ್ರ ಕಣ್ಣಿಗೆ ಹೋಗ್ಬಾರ್ದು," ಎಂದರು. ನಮ್ಮ ಮುಖ ಮಾತ್ರ ನೋಡಲಿಲ್ಲ.

ಹೊರಗೆ ಕಿಟಕಿಯ ಪಕ್ಕ ಕೂತೆವು. ಅಣ್ಣ ಅವಳ ಕೈ ಹಿಡಿದುಕೊಂಡಿದ್ದ. ನಾನು ಗೋಡೆ ನೋಡುತ್ತಾ ಅಳು ತಡೆದುಕೊಂಡಿದ್ದೆ. ಎಷ್ಟೋ ಹೊತ್ತಿನ ಮೇಲೆ ಅತ್ತಿಗೆ, "ಬಿಚ್ಚೇ," ಎಂದಳು.

"ಈಗ್ಲಾ?"

"ಇನ್ಯಾವಾಗ?"

ನರ್ಸ್ ಹತ್ತಿರ ಕತ್ತರಿ ಕೇಳಿ ತಂದು ಹುರಿ ಕತ್ತರಿಸಿದೆ. ಒದ್ದೆ ಮಣ್ಣಿನಂಥ ವಾಸನೆ ಬಂತು. ಬೆಂದ ಎಲೆಗಳನ್ನು ಒಂದೂ ಬಿಡದೆ ಪೇಪರಿನ ಮೇಲೆ ಬಿಡಿಸಿ ಹಾಕಿ, ನಾನೊಂದು ತುದಿ, ಅಣ್ಣನೊಂದು ತುದಿ ಹಿಡಿದು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿದೆವು. ಮೈತುಂಬ ಕೆನ್ನೀಲಿ ಎಲೆಗಳು. ಇಷ್ಟು ಚೆನ್ನಾಗಿ ಬಂದದ್ದನ್ನು ನಾನು ಕಂಡೇ ಇರಲಿಲ್ಲ. ಇಂಥದ್ದನ್ನು ಮಾಡಿದವಳಿಗೇ ಕಾಣದೆ ಹೋಯಿತಲ್ಲ.

ಅತ್ತಿಗೆ ಮುಖ ಮುಂದಕ್ಕೆ ಚಾಚಿ ಕೂತಿದ್ದಳು. ನಗಲಿಲ್ಲ, ಅಳಲಿಲ್ಲ.

"ತುಂಬಾ ಚೆನ್ನಾಗಿ ಬಂದಿದೆ ಅತ್ತಿಗೆ," ಎಂದೆ. "ಅಷ್ಟೂ ಎಲೆ ಸರಿಯಾಗಿ ಬಿದ್ದಿದೆ."

"ಸುಳ್ಳು ಹೇಳ್ಬೇಡ ಅಂದಿದ್ದೆ."

"ದೇವ್ರಾಣೆ ಸುಳ್ಳಲ್ಲ!"

"ನಿಮ್ಮಣ್ಣನ ಹೆಬ್ಬೆಟ್ಟಿನ ಕೆಳಗೆ ಇರೋದೇನು ಮತ್ತೆ? ಆ ಎಲೆ ಮಗುಚಿ ಬಿದ್ದಿದೆ. ಥೂ, ನನ್ನ ಕೈಗೆ ಏನು ಬಡಿದಿತ್ತೋ!"

ನೋಡಿದೆ. ಅವನ ಹೆಬ್ಬೆಟ್ಟಿನ ಕೆಳಗಿನ ಎಲೆ ಪೇಲವವಾಗಿತ್ತು, ನರಗಳಿರಲಿಲ್ಲ. ಆ ವ್ಯತ್ಯಾಸ ನನ್ನ ಕಣ್ಣಿಗೆ ಬಿದ್ದದ್ದು ಅದೇ ಮೊದಲು.

ಅಣ್ಣನ ಕೈಯಿಂದ ಬಟ್ಟೆ ಜಾರಿತು. ಆ ಕಲೆ ಬಿದ್ದ ಬೆಂಚಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಇನ್ನೊಂದ್ಸಲ ಬೈಯೇ," ಎಂದ.

"ಮೊದ್ಲು ಬಟ್ಟೆ ನೆಲದಿಂದ ಎತ್ರೀ," ಎಂದಳು ಅತ್ತಿಗೆ.