ವಾಸನೆ ನಿಂತರೆ ಓಡಿ

ಕಾರ್ಖಾನೆಯ ಕೊಳಕು ನೀರನ್ನು ಶುದ್ಧ ಮಾಡುವ ಘಟಕಗಳ ಆಪರೇಟರುಗಳಿಗೆ ತರಬೇತಿ ಕೊಡುವ ಮೇಷ್ಟ್ರಿಗೆ ‘ಮೂಗು ಮೇಷ್ಟ್ರು’ ಎಂದೇ ಹೆಸರು. ಹೊಸಬರು ತೊಟ್ಟಿಯ ಬಳಿ ಮೂಗು ಮುಚ್ಚಿಕೊಂಡರೆ ಅವರಿಗೆ ಸಮಾಧಾನ.

“ನಾರ್ತಿದೆ ಅಂದ್ರೆ ಮೂಗು ಇನ್ನೂ ಬದುಕಿದೆ ಅಂತ. ಕೊಳೆತ ಮೊಟ್ಟೆ ವಾಸನೆ ಇದ್ದಕ್ಕಿದ್ದ ಹಾಗೆ ನಿಂತ್ರೆ ಗಾಳಿ ಶುದ್ಧ ಆಯ್ತು ಅಂದ್ಕೋಬೇಡಿ. ವಿಷಗಾಳಿ ಜಾಸ್ತಿಯಾಗಿ ಮೂಗು ಸತ್ತಿದೆ. ಹಿಂದೆ ಮುಂದೆ ನೋಡ್ದೆ ಓಡಿ!”

ಅವರ ಗೆಳೆಯನೊಬ್ಬ, “ವಾಸನೆ ಹೋಯ್ತು ಕಣೋ, ಇಳೀತೀನಿ” ಎಂದು ನಗುತ್ತಲೇ ತೊಟ್ಟಿಗಿಳಿದಿದ್ದ. ಮೇಲೆ ಬಂದದ್ದು ಹೆಣ. ಆ ನಗು ಮೇಷ್ಟ್ರನ್ನು ಇಂದಿಗೂ ಬಿಟ್ಟಿಲ್ಲ.

ನಿನ್ನೆ ಅವರು ಅಡುಗೆಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಹೆಂಡತಿ ಕೆಮ್ಮುತ್ತಾ ಓಡಿಬಂದರು. “ಅಯ್ಯೋ, ಹಾಲೆಲ್ಲ ಸೀದು ಹೋಗಿದೆ! ಪಕ್ಕದಲ್ಲೇ ಕೂತಿದ್ದೀರಿ, ವಾಸನೆ ಬರ್ಲಿಲ್ವೇನ್ರೀ?”

ಮೇಷ್ಟ್ರು ಉಸಿರೆಳೆದರು. ಏನೂ ಇಲ್ಲ. ಮತ್ತೆ ಎಳೆದರು. ಆಗಲೂ ಏನೂ ಇಲ್ಲ.

“ಓಡೇ!” ಎಂದವರೇ ಹೆಂಡತಿಯ ಕೈ ಹಿಡಿದು ಬೀದಿಗೆ ಎಳೆದುಕೊಂಡು ಬಂದರು.

ಸೀದ ವಾಸನೆಗೆ ನೆರೆಹೊರೆಯವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ನಿಂತಿದ್ದರು. ಮರುದಿನ ಹೊಸಬರನ್ನು ತೊಟ್ಟಿಗೆ ಕರೆದೊಯ್ಯಬೇಕಾದ ಮೇಷ್ಟ್ರೊಬ್ಬರೇ ಅವರ ನಡುವೆ ಮೂಗು ತೆರೆದುಕೊಂಡು ಮತ್ತೆ ಮತ್ತೆ ಉಸಿರೆಳೆಯುತ್ತಿದ್ದರು.