ಕೆಮ್ಮಿದಾಗ ನಕ್ಕವರು

ಇಸ್ತ್ರಿಯವನ ಮನೆಗೂ ಬಣ್ಣದವನ ಶೆಡ್ಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದೂ ಮೇಲಿನ ತಗಡನ್ನು ಮುಟ್ಟದ ಗೋಡೆ. ಆಚೆ ಬಣ್ಣದವ ಕಬ್ಬಿಣದ ಬೀರುಗಳಿಗೆ ಮಷೀನು ಹಿಡಿದು ಬಣ್ಣ ಹೊಡೆಯುತ್ತಿದ್ದ, ಈಚೆ ಇಸ್ತ್ರಿಯವನ ಹೆಂಡತಿ ಕೆಮ್ಮುತ್ತಿದ್ದಳು. ಸಂದಿಗೆ ಗೋಣಿಚೀಲ ತುರುಕಿದ್ದಾಯಿತು, ಹಲಗೆ ಬಡಿದದ್ದಾಯಿತು, ವಾಸನೆ ಮಾತ್ರ ನಿಲ್ಲಲಿಲ್ಲ. ಅವಳ ಕೆಮ್ಮು ಶುರುವಾದದ್ದೇ ತಡ, ಇವನು ಬಟ್ಟೆಗೆ ಚಿಮುಕಿಸುವ ನೀರಿನ ಬಕೀಟು ಎತ್ತಿಕೊಂಡು ಹೋಗಿ ಆಚೆಯವನ ಹಸಿ ಬಣ್ಣದ ಮೇಲೆ ಎರಚುತ್ತಿದ್ದ. ಅವನು ಬಣ್ಣದ ಕೈಯಲ್ಲೇ ನುಗ್ಗಿ ಬಂದು ಇವನ ಬಿಳಿ ಅಂಗಿಗಳನ್ನು ಸವರಿ ಹೋಗುತ್ತಿದ್ದ. ಆಮೇಲೆ ಬಾಯಿ. ಇಬ್ಬರದೂ ಬಚ್ಚಲು ಬಾಯಿ.

"ನೀನು ಸತ್ತ ದಿನ ಹೊಸ ಅಂಗಿ ಹಾಕ್ತೀನೋ!" ಎನ್ನುತ್ತಿದ್ದ ಇಸ್ತ್ರಿಯವ.

"ಹಾಕ್ಕೋ! ನಿನ್ನ ಅಂಗಿಗೆ ಇಸ್ತ್ರಿ ಹೊಡೆಯೋನು ಊರಲ್ಲಿ ನೀನೊಬ್ನೇ!"

ಎದುರು ಮಹಡಿಯಲ್ಲಿ ಸಿನಿಮಾಕ್ಕೆ ಕಥೆ ಬರೆಯುವವನೊಬ್ಬ ಬಾಡಿಗೆಗಿದ್ದ. ಪ್ಯಾಂಟು ಕೊಡಲು ಬಂದವನು ನಿಂತು ಕೇಳುತ್ತಿದ್ದ. ಕೇಳುವ ಕಿವಿಯೊಂದು ಸಿಕ್ಕಿತಲ್ಲ ಎಂದು ಇಸ್ತ್ರಿಯವ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದ. "ಅವಳು ಕೆಮ್ಮಿದ್ಲು ಅಂದ್ರೆ ನನ್ನ ಕೈ ಬಕೀಟಿಗೆ ಹೋಗುತ್ತೆ ಸಾರ್," ಎಂದು ಎತ್ತಿ ತೋರಿಸಿದ್ದೂ ಅವನೇ.

ಅವನು ಬರೆದ ಸಿನಿಮಾ ಬಂತು. ಇಸ್ತ್ರಿಯವ ಹೆಂಡತಿಯನ್ನು ಕರೆದುಕೊಂಡು ಮೊದಲ ಆಟಕ್ಕೇ ಹೋದ. ಪರದೆಯ ಮೇಲಿನ ಹೆಂಗಸು ಗಂಡಸರಿಬ್ಬರನ್ನೂ ಜಗಳಕ್ಕೆ ಹಚ್ಚಲು ಸುಳ್ಳುಸುಳ್ಳೇ ಕೆಮ್ಮುತ್ತಿದ್ದಳು. ಕೆಮ್ಮಿ, ಜನರತ್ತ ಕಣ್ಣು ಹೊಡೆಯುತ್ತಿದ್ದಳು. ಒಡನೆ ಬಕೀಟು, ಒಡನೆ ಬಣ್ಣ. ಕೊನೆಗೆ ಇಬ್ಬರು ಹಗೆಗಳೂ ಬೀಗರಾಗಿ, ಬಕೀಟು ಬೋರಲು ಹಾಕಿಕೊಂಡು ಕುಣಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವನೂ ನಕ್ಕ. ಹೊರಗೆ ಬಂದ ಮೇಲೆ ಅವಳು ಕೇಳಿದಳು, "ನಂದು ಕಳ್ಳ ಕೆಮ್ಮಾ ರೀ?"

ಕಥೆ ಇವರದೇ ಎಂದು ಗೊತ್ತಾಗಿ, ಅಲ್ಲಿಂದಾಚೆ ಅದು ಊರಿಗೆಲ್ಲ ಕಳ್ಳ ಕೆಮ್ಮೇ ಆಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಕೆಮ್ಮಿದರೆ ಪಕ್ಕದವರು ಗುರುತು ಹಿಡಿದು ಇನ್ನೊಂದು ಕೆಮ್ಮು ಸೇರಿಸುತ್ತಿದ್ದರು. ಒಳಗೆ ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಆ ಗಾಳಿ ನಿಲ್ಲದಿದ್ರೆ ಔಷಧಿ ಕೊಟ್ಟೂ ಉಪಯೋಗ ಇಲ್ಲ," ಎಂದಳು.

ಬೇರೆ ಕಡೆ ಮನೆ ಮಾಡುವ ತಾಕತ್ತು ಇರಲಿಲ್ಲ. ಮೊದಲ ಸಲ ಬಕೀಟಿಲ್ಲದೆ ಗೋಡೆಯ ಆಚೆಗೆ ಹೋದ.

"ಮಷೀನು ಹಿತ್ತಲಿಗೆ ತಗೊಂಡ್ಹೋಗೋ ಮಾರಾಯ. ಕಾಲು ಹಿಡೀಲಾ?"

"ಹಿತ್ತಲಲ್ಲಿ ಧೂಳು ಕೂತ್ರೆ ಬೀರು ನಿಮ್ಮಪ್ಪ ಕೊಳ್ತಾನಾ? ನಂಗೂ ಹೊಟ್ಟೆ ಇದೆ. ಪುರಸಭೆ ಆಫೀಸಿಂದ ಹೇಳ್ಸು, ಆಮೇಲೆ ನೋಡೋಣ."

ಆಫೀಸಿಗೆ ಹೋದ. ಸಾಹೇಬ ಮುಖ ನೋಡಿದವನೇ ಕುರ್ಚಿಯಿಂದ ಎದ್ದ. "ಏಯ್, ಬಕೀಟಿನೋನು! ಹೊಸ ಅಂಗಿ ಮಾತು ಒಂದ್ಸಲ ಹೇಳಪ್ಪ." ಹೇಳಿದ. ಮೇಜುಮೇಜಿನಿಂದ ನಗು. "ಕೊನೇಲಿ ಬೀಗರಾಗ್ತೀರಲ್ಲ, ಯಾಕೆ ತಲೆ ಕೆಡಿಸ್ಕೋತೀಯ?"

"ನಮಗೆ ಮಕ್ಕಳೇ ಇಲ್ಲ ಸಾರ್."

ಅದಕ್ಕೂ ನಕ್ಕರು. ಲಾಠಿ ಏಟು ತಿಂದ ಮನವಿಯಾದರೂ ಮತ್ತೆ ಎದ್ದು ಬಂದೀತು. ನಗೆಪಾಟಲಾದದ್ದು ಅಲ್ಲೇ ಸತ್ತಿತು. ಆದರೂ ಇವನು ಬಿಡಲಿಲ್ಲ, ಹೋಗಿ ಹೋಗಿ ನಿಂತ. ಕೊನೆಗೊಂದು ದಿನ ಸಾಹೇಬ ಜಾಗ ನೋಡಲು ಬಂದೇಬಿಟ್ಟ. ಆಫೀಸಿನವರಲ್ಲಿ ಅರ್ಧ ಜನ ಬೆನ್ನ ಹಿಂದೆ, ಕೈಯಲ್ಲಿ ಫೋನು.

"ಒಂದೇ ಒಂದ್ಸಲ ಇಬ್ರೂ ಮಾಡಿ ತೋರ್ಸಿ. ಮಷೀನು ಇವತ್ತೇ ನಿಲ್ಲಿಸೋ ಹಾಗೆ ಮಾಡ್ತೀನಿ."

ಬಣ್ಣದವ ಮುಖ ತಿರುಗಿಸಿದ. "ಕೋತಿ ಕುಣಿಸೋಕೆ ಬಂದಿದ್ದೀರಾ?" ಎಂದ. ಇಸ್ತ್ರಿಯವ ಅವನ ಕೈ ಹಿಡಿದುಕೊಂಡ. ಆ ಕೈಯನ್ನು ಅವನು ಅಷ್ಟು ವರ್ಷದಲ್ಲಿ ಹೊಡೆದಾಟದಲ್ಲಲ್ಲದೆ ಮುಟ್ಟಿದ್ದಿಲ್ಲ. "ಅವಳಿಗೋಸ್ಕರ ಕಣೋ," ಎಂದ. ಬಣ್ಣದವ ಬೈದುಕೊಳ್ಳುತ್ತ ಮಷೀನು ಎತ್ತಿಕೊಂಡ. ಇಸ್ತ್ರಿಯವ ಬಕೀಟು ಹಿಡಿದು ನಿಂತ.

ಮಷೀನು ಶುರುವಾದದ್ದೇ, ಒಳಗಿನಿಂದ ಕೆಮ್ಮು ಬಂತು.

ಸರಿಯಾದ ಹೊತ್ತಿಗೆ ಬಂತು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಕೆಮ್ಮು ನಿಲ್ಲಲಿಲ್ಲ, ನಗುವೂ ನಿಲ್ಲಲಿಲ್ಲ. "ಇನ್ನೊಂದ್ಸಲ ಅಕ್ಕಾ!" ಎಂದು ಯಾರೋ ಕೂಗಿದರು. ಇವನು ಬಕೀಟು ಎಸೆದು ಒಳಗೋಡಿದ. ಅದು ಉರುಳಿದ ಸದ್ದಿಗೆ ಚಪ್ಪಾಳೆ ಬಿತ್ತು.

ಸಾಹೇಬ ಕಣ್ಣೊರೆಸಿಕೊಂಡು ಹೊರಟ. "ಭಲೇ ಜೋಡಿ! ಹೊಂದ್ಕೊಂಡು ಹೋಗ್ರಪ್ಪಾ," ಎಂದಷ್ಟೇ ಅಂದ. ಬಣ್ಣದವ ಅಂದು ಸಂಜೆತನಕ ಮಷೀನು ಮುಟ್ಟಲಿಲ್ಲ. ಬೆಳಗ್ಗೆ ಬೀರು ಒಯ್ಯುವವರು ಬಂದು ಬಾಗಿಲು ಬಡಿದರು, ಮತ್ತೆ ಶುರು ಮಾಡಿದ.

ಇಸ್ತ್ರಿಯವನ ಕೈ ಕೆಮ್ಮಿಗೆ ಕಾದಿತ್ತು. ಕೆಮ್ಮು ಬರಲಿಲ್ಲ. ತಿರುಗಿ ನೋಡಿದ. ಅವಳು ದಿಂಬನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಬೆನ್ನು ಮಾತ್ರ ಎಗರಿ ಎಗರಿ ಬೀಳುತ್ತಿತ್ತು.

"ತೆಗಿಯೇ ಅದನ್ನ, ಉಸಿರು ಕಟ್ಟುತ್ತೆ!"

ಬೀದಿಯ ಕಡೆ ಕಣ್ಣು ತೋರಿಸಿ ಬೇಡವೆಂದು ತಲೆಯಾಡಿಸಿದಳು. ಬಾಗಿಲ ಬಳಿ ಯಾರೋ ಇಬ್ಬರು ಆಗಲೇ ಫೋನು ಹಿಡಿದು ಬಂದು ನಿಂತಿದ್ದರು.