ಮುದುಕ ಪಿಚರ್ ಮತ್ತು ಪಕ್ಕದ ಮನೆಯ ಅಂಕಲ್

೨೦೦೬ರ ಆಗಸ್ಟ್‌ನ ಒಂದು ಭಾನುವಾರ ಮಧ್ಯಾಹ್ನ, ನೈರೋಬಿಯ ಹೈರಿಡ್ಜ್‌ನಲ್ಲಿ, ನಮ್ಮ ಪಕ್ಕದ ಮನೆಯ ಅಂಕಲ್ ಗೆಲ್ಲುತ್ತಿದ್ದ ಬೇಸ್‌ಬಾಲ್ ಪಂದ್ಯವೊಂದನ್ನು ಸೋತರು. ಚರ್ಚಿಗೆ ಹೋಗಿ ಬಂದ ಇಸ್ತ್ರಿ ಅಂಗಿಯಲ್ಲೇ ಕಂಪ್ಯೂಟರ್ ಮುಂದೆ ಕುಳಿತಿದ್ದರು. ಹುಬ್ಬಿನ ಕೂದಲಲ್ಲಿ ಎಂದಿನಂತೆ ಸಾಬೂನಿನ ಬಿಳಿ ಪುಡಿ. ಇಂಡಸ್ಟ್ರಿಯಲ್ ಏರಿಯಾದ ಸಾಬೂನು ಕಾರ್ಖಾನೆಯೊಂದರ ಮ್ಯಾನೇಜರ್ ಅವರು. ಎಷ್ಟು ತೊಳೆದರೂ ಆ ಪುಡಿ ಹೋಗುತ್ತಿರಲಿಲ್ಲ. ಇವರನ್ನು ತೊಳೆಯಲು ಬೇರೆ ಕಂಪನಿಯ ಸಾಬೂನೇ ಬೇಕು ಎಂದು ಆಂಟಿ ಹೇಳುತ್ತಿದ್ದರು.

ಇಬ್ಬರೂ ಮಂಗಳೂರಿನವರು. ತಮ್ಮೊಳಗೆ ಕೊಂಕಣಿ, ನನ್ನೊಡನೆ ಕನ್ನಡ.

ನಾನು ಬೆಂಗಳೂರಿನ ಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿದ್ದೆ. ಗಂಡನನ್ನು ಟೆಲಿಕಾಂ ಕಂಪನಿ ನೈರೋಬಿಗೆ ಕಳುಹಿಸಿತು. ಜೊತೆಗೆ ಬಂದ ನನಗೆ ಇಲ್ಲಿ ಕೆಲಸ ಮಾಡಲು ಪರ್ಮಿಟ್ ಇರಲಿಲ್ಲ. ಒಂದು ಸಾಲೂ ಬರೆಯದೆ ವರ್ಷ ಕಳೆಯಿತು. ಊರಿಗೆ ಮರಳಿದಾಗ ಯಾವ ಪತ್ರಿಕೆಯೂ ನನ್ನನ್ನು ತೆಗೆದುಕೊಳ್ಳುವುದಿಲ್ಲ ಎಂಬ ಭಯ ಹತ್ತಿತ್ತು. ಅದನ್ನೊಮ್ಮೆ ಆಂಟಿಯ ಹತ್ತಿರ ಹೇಳಿಕೊಂಡೆ. ಮರುದಿನ ಅಂಕಲ್ ಬಾಗಿಲಲ್ಲಿ ನಿಂತಿದ್ದರು.

"ನಮ್ಮ ಮುದುಕನ ಬಗ್ಗೆ ಬರಿಲಿಕ್ಕೆ ಒಬ್ಬರು ಬೇಕಿತ್ತು. ಸಂಬಳ ಇಲ್ಲ, ಹಾಗಾಗಿ ಪರ್ಮಿಟ್ಟಿನ ತಲೆಬಿಸಿಯೂ ಇಲ್ಲ."

ಮುದುಕ ಎಂದರೆ ಒಬ್ಬ ಪಿಚರ್, ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನು. ಅವನು ನಿಜವಾದ ಮನುಷ್ಯನಲ್ಲ. ಚಿಕಾಗೋದ ಭಾವನೊಬ್ಬ ಅಂಕಲ್‌ರನ್ನು ಆ ವರ್ಷ ಇಂಟರ್ನೆಟ್ಟಿನ ಒಂದು ಲೀಗಿಗೆ ಸೇರಿಸಿದ್ದ. ಅಲ್ಲಿ ಆಟಗಾರರನ್ನು ಕಂಪ್ಯೂಟರೇ ಹುಟ್ಟಿಸುತ್ತಿತ್ತು, ಅವರಿಗೆ ವಯಸ್ಸು ಏರಿಸುತ್ತಿತ್ತು, ತೋಳಿನ ಬಲ ಇಳಿಸುತ್ತಿತ್ತು, ಪಂದ್ಯಗಳನ್ನೂ ತಾನೇ ಆಡಿಸುತ್ತಿತ್ತು. ತಂಡಗಳ ಮಾಲೀಕರು ಮಾತ್ರ ನಿಜದವರು. ಪ್ರತಿ ಮಾಲೀಕನೂ ಶನಿವಾರ ತನ್ನ ತಂಡದ ವರದಿ ಕಳುಹಿಸಬೇಕು. ನಾನು ಕನ್ನಡದಲ್ಲಿ ಬರೆಯುವುದು, ಅಂಕಲ್ ಅದನ್ನು ಇಂಗ್ಲಿಷಿಗೆ ತಿರುಗಿಸುವುದು ಎಂದಾಯಿತು.

ಯಾರಿಗೂ ಬೇಡವಾಗಿ ಉಳಿದಿದ್ದ ಆ ಪಿಚರ್‌ನನ್ನು ಅಂಕಲ್ ಹುಡುಕಿ ತೆಗೆದುಕೊಂಡಿದ್ದರು. ಅವನ ತೋಳು ಹೋಗಿದೆ, ಆದರೆ ತಲೆ ಉಂಟು ಎಂಬುದು ಅವರ ಲೆಕ್ಕಾಚಾರ. ಅದು ಸರಿಯಾಗಿತ್ತು. ನಿಧಾನದ ಎಸೆತಗಳಿಂದಲೇ ಮುದುಕ ಗೆಲ್ಲುತ್ತಾ ಹೋದ. ಬೆಳಿಗ್ಗೆ ಜಾಮ್‌ನಲ್ಲಿ ಸಿಕ್ಕಿಕೊಂಡ ಅಂಕಲ್ ಕಾರಿನಿಂದಲೇ ಫೋನ್ ಮಾಡಿ ಅವನ ಸುದ್ದಿ ಮಾತಾಡುವರು. ನಮ್ಮ ಮನೆಯ ಬಾಡಿಗೆದಾರ ಊಟ ಕೇಳುವುದಿಲ್ಲ, ಅದೊಂದು ಪುಣ್ಯ ಎಂದು ಆಂಟಿ ನಗುವರು. ನಾನು ವಾರವಿಡೀ ಶನಿವಾರಕ್ಕೆ ಕಾಯತೊಡಗಿದೆ.

ಲೀಗ್ ಹಂತದ ಕೊನೆಯ ಪಂದ್ಯವನ್ನು ಮಾಲೀಕರೇ ಕುಳಿತು ನಡೆಸಬಹುದಿತ್ತು. ಗೆದ್ದರೆ ನಾವು ಮುಂದಿನ ಸುತ್ತಿಗೆ. ಸೋತರೆ ಮುದುಕನ ಆಟವೂ ಮುಗಿದಂತೆ, ಏಕೆಂದರೆ ಆ ವಯಸ್ಸಿನವರನ್ನು ತಂಡದ ಆಟ ಮುಗಿದೊಡನೆ ಕಂಪ್ಯೂಟರ್ ನಿವೃತ್ತಗೊಳಿಸುತ್ತಿತ್ತು. ಎದುರಾಳಿ ಮಾಲೀಕ ಅಮೆರಿಕದಲ್ಲಿ. ಅಲ್ಲಿ ಬೆಳಿಗ್ಗೆ, ಇಲ್ಲಿ ಮಧ್ಯಾಹ್ನ.

ಒಂಬತ್ತು ಸರದಿಗಳ ಆಟದಲ್ಲಿ ಆರು ಮುಗಿದಾಗ ನಾವು ಮುಂದಿದ್ದೆವು. ಮುದುಕ ದಣಿದಿದ್ದಾನೆ ಎಂದು ಪರದೆ ತೋರಿಸಿತು. ಅಂಕಲ್ ಯೌವನದಲ್ಲಿ ಮಂಗಳೂರಿನ ಮೈದಾನಗಳಲ್ಲಿ ಸ್ಪಿನ್ ಬೌಲಿಂಗ್ ಮಾಡಿದವರು. "ಸ್ವಲ್ಪ ಕೂತು ಬರಲಿ. ಕೊನೆಗೆ ಅವನೇ ಬೇಕು" ಎಂದು ಬೇರೊಬ್ಬನನ್ನು ಇಳಿಸಿದರು. ಕ್ರಿಕೆಟ್ ನೋಡಿ ಬೆಳೆದ ನನಗೂ ಅದು ಸರಿಯೆನಿಸಿತು.

ಎಂಟನೇ ಸರದಿಯಲ್ಲಿ ಹೊಸಬ ಹೊಡೆಸಿಕೊಳ್ಳತೊಡಗಿದ. ಅಂಕಲ್ ಮುದುಕನ ಹೆಸರನ್ನು ಒತ್ತಿದರು. ಹೆಸರು ಮಂಕಾಗಿತ್ತು. ಮತ್ತೆ ಮತ್ತೆ ಒತ್ತಿದರು. ಬೇಸ್‌ಬಾಲಿನಲ್ಲಿ ಒಮ್ಮೆ ಹೊರಗೆ ಬಂದವನು ಆ ಪಂದ್ಯಕ್ಕೆ ಮರಳುವಂತಿಲ್ಲ ಎಂದು ಎದುರಾಳಿ ಬರೆದು ತಿಳಿಸಿದ. ಅಲ್ಲಿಯವರೆಗೆ ಬದಲಾವಣೆಗಳನ್ನೆಲ್ಲ ಕಂಪ್ಯೂಟರೇ ಮಾಡುತ್ತಿತ್ತು. ನಮಗಿಬ್ಬರಿಗೂ ಆ ನಿಯಮ ತಿಳಿದಿರಲಿಲ್ಲ. ಸೋತೆವು. ಅಂಕಲ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಹಿರಿಯರ ಮನಸ್ಸಿಗೆ ನೋವಾಗಬಾರದೆಂದು, ಕೊನೆಯ ಸರದಿಗಳಲ್ಲಿ ಹೊಸ ಪಿಚರ್ ಕೈಕೊಟ್ಟ ಎಂದು ವರದಿ ಶುರುಮಾಡಿದೆ. ಅಂಕಲ್ ಓದಿ ಹಾಳೆಯನ್ನು ಹಿಂದಕ್ಕೆ ಕೊಟ್ಟರು.

"ಗೇಟ್ ತೆರೆದಿಟ್ಟವ ನಾನು. ಬೈಗುಳ ಕಾವಲಿನ ಅಸ್ಕಾರಿಗೆ ಯಾಕೆ ಮಾರಾಯ್ತಿ? ತಪ್ಪು ಮಾಲೀಕಂದು ಅಂತ ಮೊದಲ್ನೇ ಸಾಲಲ್ಲೇ ಬರಿ."

"ಎಲ್ಲ ನಗ್ತಾರೆ ಅಂಕಲ್."

"ನಗಲಿ. ಮುದುಕ ಸೋಲ್ಲಿಲ್ಲ ಅಂತ ಗೊತ್ತಾಗ್ತದಲ್ಲ."

ಹಾಗೆಯೇ ಬರೆದೆ. ಅವರು ಒಂದು ಪದವನ್ನೂ ಮೆದು ಮಾಡದೆ ಇಂಗ್ಲಿಷಿಗೆ ತಿರುಗಿಸಿದರು.

ಮುಂದಿನ ಎರಡು ವರ್ಷ, ಬೇರೆ ಪಿಚರ್‌ಗಳ ಬಗ್ಗೆ, ನಾನು ವರದಿ ಬರೆಯುತ್ತಲೇ ಇದ್ದೆ. ೨೦೦೮ರಲ್ಲಿ ಬೆಂಗಳೂರಿಗೆ ಮರಳಿ ಕ್ರೀಡಾ ವಿಭಾಗದ ಕೆಲಸವೊಂದಕ್ಕೆ ಹೋದಾಗ, ಇಷ್ಟು ದಿನ ಏನು ಬರೆದಿರಿ ಎಂದು ಸಂಪಾದಕರು ಕೇಳಿದರು. ಆ ಭಾನುವಾರದ ವರದಿಯನ್ನು ಮುಂದಿಟ್ಟೆ. ಮೊದಲ ಸಾಲಿನಲ್ಲೇ ನಿಂತು, ಮಾಲೀಕರು ಇದಕ್ಕೆ ಒಪ್ಪಿದರೇ ಎಂದರು. ಅವರೇ ಬರೆಸಿದ್ದು ಎಂದೆ. ಕೆಲಸ ಸಿಕ್ಕಿತು. ಫೋನಿನಲ್ಲಿ ತಿಳಿಸಿದಾಗ ಅಂಕಲ್, ಮುದುಕನಿಗೆ ಅಸಾಂಟೆ ಹೇಳು ಎಂದು ನಕ್ಕರು. ಆ ಸ್ವಾಹಿಲಿ ಧನ್ಯವಾದವನ್ನು ಅಂಕಲ್‌ಗೇ ಹೇಳಿದೆ.

೨೦೦೯ರ ಜೂನ್‌ನಲ್ಲಿ ಅವರು ಹೃದಯಾಘಾತದಿಂದ ನೈರೋಬಿಯಲ್ಲಿ ತೀರಿಕೊಂಡರು. ತಂಡವನ್ನು ಈಗ ಆಂಟಿ ನಡೆಸುತ್ತಿದ್ದಾರೆ. ಕಳೆದ ಶನಿವಾರ ಲೀಗಿನ ಪುಟದಲ್ಲಿ ಅವರ ಮೊದಲ ವರದಿ ಬಂದಿದೆ. ಅದರ ಮೊದಲ ಸಾಲು: "ಈ ವಾರ ನಾವು ಸೋತೆವು; ಪಿಚರ್‌ನನ್ನು ತಡವಾಗಿ ಬದಲಿಸಿದ್ದು ನಾನು."